ಪುಟ್ಟ ಲೇತಿಗೆ ಯಾವ ಕಾಲೆಟ್? ಕೋನದ ಲೆಕ್ಕದಿಂದ ಒಂದು ಟಿಪ್ಪಣಿ

ಮೇಜಿನ ಮೇಲೆ ಕೂರುವ ಪುಟ್ಟ ಲೇತ್ ಕೊಂಡವರು ಕೈ ಸ್ವಲ್ಪ ಪಳಗುತ್ತಿದ್ದಂತೆ ಕಾಲೆಟ್ (ಸೀಳಿದ ಎಸಳುಗಳಿಂದ ಸರಳನ್ನು ಸುತ್ತ ಅಮುಕಿ ಹಿಡಿಯುವ ಕೊಳವೆ) ಹುಡುಕಲು ತೊಡಗುತ್ತಾರೆ. ಯಾಕೆಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: ಜೊತೆಗೆ ಬಂದ ಮೂರು ದವಡೆಯ ಚಕ್ಕಿನಲ್ಲಿ ರನ್‌ಔಟ್, ಅಂದರೆ ತಿರುಗುವಾಗಿನ ಓಲಾಟ, ಜಾಸ್ತಿ, ಕಾಲೆಟ್ಟಿನಲ್ಲಿ ಕಡಿಮೆ. ಮಾರುವವರ ಪಟ್ಟಿಯಲ್ಲಿ ಎದ್ದು ಕಾಣುವುದೂ ಅದೇ ಅಂಕಿ. ಸಾಧಾರಣ ಕಾಲೆಟ್ಟಿಗೆ 15 ಮೈಕ್ರಾನ್ ಎಂದಿದ್ದರೆ ಮೇಲ್ದರ್ಜೆಯದಕ್ಕೆ 5 ಮೈಕ್ರಾನ್. ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ. ಈ ಅಂಕಿಗಳು ಸುಳ್ಳಲ್ಲ. ಆದರೆ ಆಯ್ಕೆಯನ್ನು ಅವುಗಳ ಮೇಲೆ ನಿಲ್ಲಿಸಬಾರದು ಎಂಬುದು ನನ್ನ ವಾದ. ಕಾಲೆಟ್ಟಿನ ಹೊರಮೈಯ ಕೋನ ಎಷ್ಟು, ಅದರ ಹಿಂದೆ ಸ್ಪಿಂಡಲಿನಲ್ಲಿ ಉಳಿಯುವ ತೂತು ಎಷ್ಟು, ಇವೆರಡನ್ನು ಮೊದಲು ಕೇಳಬೇಕು. ರನ್‌ಔಟ್ ಆಮೇಲಿನ ಮಾತು.

ಚಕ್ಕಿನಲ್ಲಿ ಕಚ್ಚಿಸಿದ ಸರಳು 0.1 ಮಿ.ಮೀ. ಓಲಾಡುತ್ತಿದೆ ಎನ್ನಿ. ಅದರ ಮೈಮೇಲೆ ಟೂಲ್ ಓಡಿಸಿ ಒಂದು ಪದರ ತೆಗೆದ ಕೂಡಲೇ ಆ ಓಲಾಟ ಮುಗಿಯಿತು. ಹೊಸ ಮೈ ಸ್ಪಿಂಡಲಿನ ಅಕ್ಷದ ಸುತ್ತಲೇ ಹುಟ್ಟಿದ್ದು. ಅದೇ ಹಿಡಿತದಲ್ಲಿ ಕೊರೆದ ತೂತು, ಕೊಯ್ದ ಮೆಟ್ಟಿಲು, ಹಾಕಿದ ಥ್ರೆಡ್ ಎಲ್ಲವೂ ಒಂದಕ್ಕೊಂದು ಏಕಕೇಂದ್ರವಾಗಿಯೇ ಇರುತ್ತವೆ. ಉಳಿಯುವ ತಪ್ಪು ಬೇರಿಂಗಿನದು, ಚಕ್ಕಿನದಲ್ಲ. ಟರ್ನರ್ ಟ್ರೇಡ್ ಕಲಿತವರಿಗೆ ಇದು ಹೊಸ ವಿಷಯವಲ್ಲ. ಪುಸ್ತಕ ನೋಡಿ ಕಲಿತ ಹವ್ಯಾಸಿಗಳು ಮಾತ್ರ ಇದನ್ನು ಬಲು ಸುತ್ತುಬಳಸಿನ ದಾರಿಯಲ್ಲಿ ತಲುಪುತ್ತಾರೆ. ಹಾಗಾದರೆ ಹಿಡಿಯುವ ಸಾಧನದ ರನ್‌ಔಟ್ ಎಲ್ಲಿ ಲೆಕ್ಕಕ್ಕೆ ಬರುತ್ತದೆ? ಭಾಗವನ್ನು ತೆಗೆದು ತಿರುಗಿಸಿ ಮತ್ತೆ ಕಚ್ಚಿಸುವಾಗ. ಅಥವಾ ಸಿಲ್ವರ್ ಸ್ಟೀಲಿನಂಥ ಗ್ರೈಂಡ್ ಮಾಡಿದ ಸರಳಿನ ಮೂಲ ಮೈಯನ್ನು ಹಾಗೇ ಉಳಿಸಿಕೊಂಡು ತುದಿಯಲ್ಲಷ್ಟೇ ಕೆಲಸ ಮಾಡುವಾಗ. ಅಲ್ಲಿಯೂ ನಾಲ್ಕು ದವಡೆಯ ಚಕ್ ಮತ್ತು ಡಯಲ್ ಗೇಜ್ ಇದ್ದರೆ ಓಲಾಟವನ್ನು ಯಾವ ಕಾಲೆಟ್ಟಿಗಿಂತಲೂ ಕೆಳಗೆ ಇಳಿಸಬಹುದು. ಕಾಲೆಟ್ ಉಳಿಸಿಕೊಡುವುದು ಸಮಯವನ್ನು. ಹಿತ್ತಾಳೆಯ ನಯವಾದ ಮೈಮೇಲೆ ದವಡೆಯ ಗುರುತು ಬೀಳುವುದಿಲ್ಲ, ತೆಳುಗೋಡೆಯ ಕೊಳವೆ ಮೂರು ಮೂಲೆಯಾಗುವುದಿಲ್ಲ, ಬೆರಳ ಹತ್ತಿರ ಉಕ್ಕಿನ ದವಡೆಗಳು ಗಿರಕಿ ಹೊಡೆಯುವುದಿಲ್ಲ. ಇವೆಲ್ಲ ಕಾಲೆಟ್ ಕೊಳ್ಳಲು ಒಳ್ಳೆಯ ಕಾರಣಗಳೇ. ಆದರೆ ಇವು 15 ಮೈಕ್ರಾನಿಗೂ 5 ಮೈಕ್ರಾನಿಗೂ ಸಮವಾಗಿ ಅನ್ವಯಿಸುತ್ತವೆ.

ಹವ್ಯಾಸಿಯ ಮುಂದೆ ಸಾಮಾನ್ಯವಾಗಿ ನಾಲ್ಕು ಮನೆತನಗಳು ನಿಲ್ಲುತ್ತವೆ. ಅವುಗಳ ಹುಟ್ಟು ನೋಡಿದರೆ ಸ್ವಭಾವವೂ ಅರ್ಥವಾಗುತ್ತದೆ.

ಎಲ್ಲಕ್ಕಿಂತ ಚಿಕ್ಕದು ಗಡಿಯಾರದವರದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಾಲ್ತಮ್ ಊರು 19ನೇ ಶತಮಾನದಲ್ಲಿ ಯಂತ್ರದಿಂದ ಗಡಿಯಾರ ತಯಾರಿಸುವುದಕ್ಕೆ ಹೆಸರಾಗಿತ್ತು. ಅಲ್ಲಿನ ಅಮೆರಿಕನ್ ವಾಚ್ ಟೂಲ್ ಕಂಪನಿಯ ವೆಬ್‌ಸ್ಟರ್ ಮತ್ತು ವಿಟ್‌ಕಂಬ್ ಎಂಬಿಬ್ಬರ ಹೆಸರು ಹೊತ್ತ ಲೇತಿನ ಜೊತೆ ಬಂದ ಕಾಲೆಟ್ ಇಂದಿಗೂ ಡಬ್ಲ್ಯುಡಬ್ಲ್ಯು ಎಂದೇ ನಡೆಯುತ್ತಿದೆ. ಮೈಯ ವ್ಯಾಸ 8 ಮಿ.ಮೀ.; ಅದರೊಳಗೆ ಹಾಯುವ ಸರಳು ಹೆಚ್ಚೆಂದರೆ 5 ಮಿ.ಮೀ. ಆಸುಪಾಸಿನದು. ಕಾಲೆಟ್ಟಿನ ಮೇಲೆ ಕೆತ್ತಿದ ಸಂಖ್ಯೆ ಮಿಲಿಮೀಟರಿನ ಹತ್ತನೇ ಒಂದು ಪಾಲಿನ ಲೆಕ್ಕ, ಅಂದರೆ 25 ಎಂದಿದ್ದರೆ 2.5 ಮಿ.ಮೀ. ಒಂದೊಂದು ಸಂಖ್ಯೆಗೂ ಒಂದೊಂದು ಕಾಲೆಟ್ ಬೇಕು. ಎಡವಟ್ಟು ಅಳತೆಯ ಸರಳನ್ನು ಬಲವಂತವಾಗಿ ಕಚ್ಚಿಸಿದರೆ ಎಸಳು ಶಾಶ್ವತವಾಗಿ ಬಾಗುತ್ತದೆ. ಕೈಗಡಿಯಾರ ರಿಪೇರಿಯ ಹಳೆಯ ಅಂಗಡಿಗಳಲ್ಲಿ ಮರದ ತಟ್ಟೆಯ ಗುಳಿಗಳಲ್ಲಿ ಸಾಲಾಗಿ ನಿಲ್ಲಿಸಿದ ಈ ಕಾಲೆಟ್ಟುಗಳನ್ನು ನೋಡಿದವರಿರಬಹುದು. ಕ್ಯಾಲಿಫೋರ್ನಿಯಾದ ಶೆರ್‌ಲೈನ್ ಕಂಪನಿಯ ಪುಟ್ಟ ಲೇತಿಗೂ ಅಡಾಪ್ಟರ್ ಹಾಕಿ ಇವನ್ನೇ ಬಳಸುತ್ತಾರೆ.

ಎರಡನೆಯದು ಮೋರ್ಸ್ ಟೇಪರ್ ಕಾಲೆಟ್. ಮೋರ್ಸ್ ಟೇಪರ್ ಹುಟ್ಟಿದ್ದು 1860ರ ದಶಕದಲ್ಲಿ, ಡ್ರಿಲ್ಲಿನ ಹಿಡಿ ಜಾರದೆ ನಿಲ್ಲಲೆಂದು. ಬಹುಪಾಲು ಲೇತುಗಳ ಸ್ಪಿಂಡಲಿನ ಬಾಯಲ್ಲಿ ಆ ಟೇಪರ್ ಹೇಗೂ ಇರುವುದರಿಂದ ಅದರಲ್ಲೇ ಕೂರುವ, ಹಿಂದಿನಿಂದ ಡ್ರಾಬಾರ್ ಹಾಕಿ ಎಳೆಯುವ ಕಾಲೆಟ್ಟುಗಳು ಬಂದವು. ಬೆಲೆ ಕಡಿಮೆ, ಬೇರೆ ಚಕ್ ಬೇಡ, ಟೇಪರ್ ಸ್ಪಿಂಡಲಿನದೇ ಆದ್ದರಿಂದ ನಡುವೆ ತಪ್ಪು ಸೇರಿಸುವ ಇನ್ನೊಂದು ತುಂಡೂ ಇಲ್ಲ. ಕಾಗದದ ಮೇಲೆ ಇದಕ್ಕಿಂತ ಚೊಕ್ಕ ವ್ಯವಸ್ಥೆಯಿಲ್ಲ.

ಮೂರನೆಯದು ಅಮೆರಿಕದ ಹಾರ್ಡಿಂಜ್ ಲೇತುಗಳ ಜೊತೆ ಹೆಸರಾದ 5ಸಿ. ಹಿಂಭಾಗದ ಮೈ ಒಂದೂಕಾಲು ಇಂಚು, ಅಂದರೆ 31.75 ಮಿ.ಮೀ. ಸುಮಾರು 27 ಮಿ.ಮೀ. ಸರಳು ಹಾಯುತ್ತದೆ. ಚೌಕ, ಷಟ್ಕೋನದ ಬಾಯಿಯವೂ ಸಿಗುತ್ತವೆ. ಗಟ್ಟಿ ಮಾಡದ ಬಾಯಿಯ ಕಾಲೆಟ್ ತಂದು ನಮಗೆ ಬೇಕಾದ ಅಳತೆಗೆ ನಮ್ಮ ಲೇತಿನಲ್ಲೇ ಕೊರೆದುಕೊಳ್ಳಲೂ ಬರುತ್ತದೆ.

ನಾಲ್ಕನೆಯದು ಇಂದು ಎಲ್ಲರ ಬಾಯಲ್ಲಿರುವ ಇಆರ್. ಸ್ವಿಟ್ಜರ್ಲೆಂಡಿನ ರೆಗೋ-ಫಿಕ್ಸ್ ಕಂಪನಿ 1973ರಲ್ಲಿ ಪೇಟೆಂಟ್ ಪಡೆದ ಈ ವಿನ್ಯಾಸ ಮುಂದೆ ಜರ್ಮನಿಯ ಡಿಐಎನ್ 6499 ಮಾನಕವಾಯಿತು, ಆಮೇಲೆ ಐಎಸ್‌ಒ 15488 ಆಯಿತು. ಹೆಸರಿನ ಪಕ್ಕದ ಸಂಖ್ಯೆ ಟೇಪರ್ ಗುಂಡಿಯ ಬಾಯಗಲವನ್ನು ಮಿಲಿಮೀಟರಿನಲ್ಲಿ ಹೇಳುತ್ತದೆ. ಇಆರ್16 ಕಾಲೆಟ್ 10 ಮಿ.ಮೀ. ವರೆಗೆ ಹಿಡಿದರೆ ಇಆರ್25 16ರ ವರೆಗೆ, ಇಆರ್32 20ರ ವರೆಗೆ, ಇಆರ್40 26ರ ವರೆಗೆ ಹಿಡಿಯುತ್ತದೆ. ಒಂದು ಕಾಲೆಟ್ ತನ್ನ ಅಳತೆಯಿಂದ ಪೂರ್ತಿ 1 ಮಿ.ಮೀ. ಕೆಳಗಿಳಿಯುತ್ತದೆ ಎಂಬುದೇ ಇದರ ದೊಡ್ಡ ಹೆಗ್ಗಳಿಕೆ. 3ರಿಂದ 20ರ ವರೆಗಿನ 18 ಕಾಲೆಟ್ಟುಗಳ ಪೆಟ್ಟಿಗೆ 2ರಿಂದ 20 ಮಿ.ಮೀ. ವರೆಗಿನ ಯಾವ ಸರಳನ್ನೂ ಬಿಡುವುದಿಲ್ಲ. ಆದರೆ ಇದು ಮಿಲ್ಲಿಂಗ್ ಕಟ್ಟರ್ ಮತ್ತು ಡ್ರಿಲ್ಲುಗಳನ್ನು ಹಿಡಿಯಲು ಹುಟ್ಟಿದ್ದು. ಕಟ್ಟರಿನ ಹಿಡಿ ಗ್ರೈಂಡ್ ಮಾಡಿದ್ದು, ಉದ್ದವಾದದ್ದು, ಅಳತೆ ಗೊತ್ತಿರುವಂಥದ್ದು. ಲೇತಿನಲ್ಲಿ ನಾವು ಹಿಡಿಸುವ ತುಂಡಿಗೆ ಈ ಮೂರು ಗುಣಗಳೂ ಇರುವುದು ಅಪರೂಪ. ಇಆರ್ ಬಗ್ಗೆ ಹವ್ಯಾಸಿಗಳು ಹೇಳುವ ದೂರುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹೊರಡುತ್ತವೆ.

ಈಗ ಕೋನಕ್ಕೆ ಬರೋಣ. ಕಾಲೆಟ್ ಎಂಬುದು ಸುತ್ತ ಬಾಗಿಸಿದ ಬೆಣೆ. ಕಟ್ಟಿಗೆ ಸೀಳುವ ಬೆಣೆಯ ಹಾಗೆಯೇ ಇಳಿಜಾರು ಕಡಿಮೆಯಿದ್ದಷ್ಟೂ ಬಲ ಹೆಚ್ಚು, ಓಡುವ ದೂರವೂ ಹೆಚ್ಚು. ಅಕ್ಷದಿಂದ ಒಂದು ಬದಿಗೆ ಅಳೆದರೆ ಮೋರ್ಸ್ 3ರ ಅರೆಕೋನ ಒಂದೂವರೆ ಡಿಗ್ರಿಗೂ ಕಡಿಮೆ, ಇಆರ್‌ನದು 8 ಡಿಗ್ರಿ, 5ಸಿಯದು 10, ಡಬ್ಲ್ಯುಡಬ್ಲ್ಯುವಿನದು 20. ಘರ್ಷಣಾಂಕ 0.12 ಎಂದು ಹಿಡಿದರೆ ಘರ್ಷಣೆಯ ಕೋನ 6.8 ಡಿಗ್ರಿಯಷ್ಟಾಗುತ್ತದೆ. ಅದನ್ನು ಅರೆಕೋನಕ್ಕೆ ಕೂಡಿಸಿ ಆ ಮೊತ್ತದ ಟ್ಯಾಂಜೆಂಟಿನಿಂದ 1ನ್ನು ಭಾಗಿಸಿದರೆ, ಅಕ್ಷದ ದಿಕ್ಕಿನಲ್ಲಿ ಎಳೆದ ಬಲ ಎಷ್ಟು ಪಟ್ಟಾಗಿ ಸರಳನ್ನು ಅಮುಕುತ್ತದೆ ಎಂಬುದು ಸಿಗುತ್ತದೆ. ಮೋರ್ಸಿನಲ್ಲಿ ಸುಮಾರು 7 ಪಟ್ಟು, ಇಆರ್‌ನಲ್ಲಿ 3.8, 5ಸಿಯಲ್ಲಿ 3.3, ಡಬ್ಲ್ಯುಡಬ್ಲ್ಯುವಿನಲ್ಲಿ 2. ಕಾಲೆಟ್ ತನ್ನನ್ನೇ ಮುಚ್ಚಿಕೊಳ್ಳಲು ತಿನ್ನುವ ಬಲವನ್ನು ಇಲ್ಲಿ ಕಳೆದಿಲ್ಲ; ಹೋಲಿಸಿ ನೋಡಲು ಇಷ್ಟು ಸಾಕು.

ಬರೀ ಹಿಡಿತ ನೋಡಿದರೆ ಮೋರ್ಸ್ ಗೆದ್ದಂತೆ ಕಾಣುತ್ತದೆ. ಅದು ಬಿಡುವ ರೀತಿಯನ್ನೂ ನೋಡಬೇಕು. ಅರೆಕೋನದ ಟ್ಯಾಂಜೆಂಟ್ ಘರ್ಷಣಾಂಕಕ್ಕಿಂತ ಕಡಿಮೆಯಾದರೆ ಬೆಣೆ ತಾನಾಗಿ ಹೊರಬರುವುದಿಲ್ಲ. ಮೋರ್ಸಿನ ಟ್ಯಾಂಜೆಂಟ್ 0.025; ಎಷ್ಟೇ ಎಣ್ಣೆ ಸವರಿದರೂ ಅದು ಕಚ್ಚಿಕೊಂಡೇ ಇರುತ್ತದೆ. ಡ್ರಾಬಾರ್ ಸಡಿಲಿಸಿ ಅದರ ತಲೆಗೆ ಸುತ್ತಿಗೆಯಿಂದ ತಟ್ಟಬೇಕು, ಪ್ರತಿ ತುಂಡಿಗೂ ತಟ್ಟಬೇಕು, ಆ ಪೆಟ್ಟನ್ನೆಲ್ಲ ಪುಟ್ಟ ಲೇತಿನ ಸ್ಪಿಂಡಲ್ ಬೇರಿಂಗ್ ತಿನ್ನಬೇಕು. 5ಸಿ ಮತ್ತು ಡಬ್ಲ್ಯುಡಬ್ಲ್ಯುಗಳ ಟ್ಯಾಂಜೆಂಟ್ 0.176 ಮತ್ತು 0.364, ಎಳೆತ ಬಿಟ್ಟ ಕೂಡಲೇ ಅವು ಸಡಿಲುತ್ತವೆ. ಇಆರ್‌ನದು 0.14. ಎಣ್ಣೆಯಿರುವ ಉಕ್ಕಿನ ಘರ್ಷಣಾಂಕ ಇದಕ್ಕಿಂತ ಕಡಿಮೆ, ಒಣ ಉಕ್ಕಿನದು ಹೆಚ್ಚು. ಗಡಿಯ ಮೇಲೆಯೇ ಕೂತ ಕೋನ ಇದು: ಇವತ್ತು ತಾನಾಗಿ ಬಿಟ್ಟೀತು, ನಾಳೆ ಬಿಡಲಿಕ್ಕಿಲ್ಲ.

ಈ ಅನಿಶ್ಚಿತತೆಗೆ ವಿನ್ಯಾಸಕಾರರು ಕೊಟ್ಟ ಉತ್ತರ ನಟ್ಟಿನೊಳಗಿದೆ. ಇಆರ್ ನಟ್ಟಿನ ಒಳಬಾಯಲ್ಲಿ ಒಂದು ಬದಿಗೆ ಸರಿದ ಏಣು ಇರುತ್ತದೆ. ಕಾಲೆಟ್ಟಿನ ಕುತ್ತಿಗೆಯ ಸುತ್ತ ಒಂದು ಗಾಡಿ, ಅಂದರೆ ತೋಡು, ಇರುತ್ತದೆ. ಕಾಲೆಟ್ಟನ್ನು ಓರೆಯಾಗಿ ಹಿಡಿದು ಆ ಏಣನ್ನು ಗಾಡಿಯೊಳಗೆ ಕೂರಿಸಿದರೆ ಟಕ್ಕೆಂದು ಕಚ್ಚುತ್ತದೆ. ಮುಂದೆ ನಟ್ ಬಿಚ್ಚುವಾಗ ಇದೇ ಏಣು ಕಾಲೆಟ್ಟನ್ನು ಟೇಪರಿನಿಂದ ಹೊರಗೆಳೆಯುತ್ತದೆ. ಹಾಗಾಗಿ ಕ್ರಮ ಇಷ್ಟೇ: ಮೊದಲು ಕಾಲೆಟ್ಟನ್ನು ನಟ್ಟಿಗೆ ಕೂರಿಸು, ಆಮೇಲೆ ಎರಡನ್ನೂ ಒಟ್ಟಿಗೆ ಹೋಲ್ಡರಿಗೆ ತಿರುಗಿಸು, ಕೊನೆಗೆ ಸರಳು ತೂರಿಸು. ಹೊಸಬರು ಕಾಲೆಟ್ಟನ್ನು ನೇರ ಟೇಪರಿನೊಳಗೆ ಹಾಕಿ ಮೇಲಿಂದ ನಟ್ ತಿರುಗಿಸುತ್ತಾರೆ. ಆಗ ಏಣು ಕಾಲೆಟ್ಟಿನ ಮೂತಿಯ ಒಂದೇ ಬದಿಯನ್ನು ಒತ್ತುತ್ತದೆ. ಕಾಲೆಟ್ ವಾರೆಯಾಗುತ್ತದೆ, ಗಾಡಿಯ ತುಟಿ ಜಜ್ಜುತ್ತದೆ, ಬಿಚ್ಚುವಾಗ ಕಾಲೆಟ್ ಒಳಗೇ ಉಳಿಯುತ್ತದೆ. 5 ಮೈಕ್ರಾನಿನ ಕಾಲೆಟ್ ಆದರೂ ಅಲ್ಲಿಗೆ ಅದರ ಮರ್ಯಾದೆ ಮುಗಿಯಿತು.

ಕೋನದ ಇನ್ನೊಂದು ಪರಿಣಾಮ ಉದ್ದದ ಅಳತೆಯ ಮೇಲೆ. ಪೀಣ್ಯದಲ್ಲೋ ಬೇರೆಲ್ಲೋ ಕೊಂಡ 12 ಮಿ.ಮೀ. ಬ್ರೈಟ್ ಬಾರ್ ಎಚ್11 ಸಹಿಷ್ಣುತೆಯದಾಗಿದ್ದರೆ ಅದರ ವ್ಯಾಸ 12.00ರಿಂದ 11.89ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಎರಡು ಸರಳುಗಳ ನಡುವೆ 0.11 ಮಿ.ಮೀ. ಅಂತರವಿದ್ದರೂ ಎರಡೂ ಮಾನಕಕ್ಕೆ ಸರಿ. ಆ ಅಂತರವನ್ನು ಮುಚ್ಚಲು ಕಾಲೆಟ್ ಎಷ್ಟು ಒಳಗೆ ಸರಿಯಬೇಕು? ಮೋರ್ಸ್ 3ರಲ್ಲಿ ವ್ಯಾಸ 1 ಮಿ.ಮೀ. ಕುಗ್ಗಲು ಸುಮಾರು 20 ಮಿ.ಮೀ. ಸರಿಯಬೇಕಾದ್ದರಿಂದ ಇಲ್ಲಿ 2.2 ಮಿ.ಮೀ. ಇಆರ್‌ನಲ್ಲಿ 0.39, 5ಸಿಯಲ್ಲಿ 0.31. ಸರಳೂ ಕಾಲೆಟ್ಟಿನ ಜೊತೆಗೇ ಒಳಗೆ ಹೋಗುತ್ತದೆ. ಒಂದೇ ಉದ್ದದ ಹತ್ತಾರು ತುಂಡು ಮಾಡುವವರು ಸ್ಪಿಂಡಲಿನೊಳಗೆ ಸ್ಟಾಪ್ ಇಟ್ಟು ನೆಮ್ಮದಿಯಾಗಿರುತ್ತಾರೆ. ಬಿಗಿಯುವಾಗ ಕಾಲೆಟ್ ಸರಳನ್ನು ಆ ಸ್ಟಾಪಿನ ಮೇಲೆ ಒತ್ತಿ, ಜಾರಿ, ಮೈಮೇಲೆ ಗೀರು ಹಾಕಿ ನಿಲ್ಲುವುದು ಕಣ್ಣಿಗೆ ಬೀಳುವುದಿಲ್ಲ. ಉದ್ದವನ್ನು ಕಾಲೆಟ್ಟಿನಿಂದ ನಿರೀಕ್ಷಿಸಬಾರದು. ಪ್ರತಿ ತುಂಡಿನ ಮುಖವನ್ನೂ ಕ್ಯಾರೇಜ್ ಸ್ಟಾಪಿಗೆ ತಾಗಿಸಿ ಕೊಯ್ದು ಅಲ್ಲಿಂದ ಅಳೆಯುವುದು ನಿಧಾನವಾದರೂ ನಂಬಬಹುದಾದ ದಾರಿ.

ಮೋರ್ಸ್ ಕಾಲೆಟ್ ಒಂದು ಅಳತೆಯ ಸುತ್ತ ಕೂದಲೆಳೆಯಷ್ಟೇ ಕುಗ್ಗುವುದು ಯಾಕೆಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ. ಅರ್ಧ ಮಿಲಿಮೀಟರ್ ಕುಗ್ಗಲು ಅದು 10 ಮಿ.ಮೀ. ಒಳಗೆ ಹೋಗಬೇಕು, ಅಷ್ಟರಲ್ಲಿ ಅದರ ಮೂತಿ ಸ್ಪಿಂಡಲಿನೊಳಗೆ ಹುದುಗಿರುತ್ತದೆ. ನಮ್ಮಲ್ಲಿ ಸರಳುಗಳು ಇನ್ನೂ ಇಂಚಿನಲ್ಲೂ ಸೂತಿನಲ್ಲೂ ಸಿಗುತ್ತವೆ. ನಾಲ್ಕು ಸೂತಿನ, ಅಂದರೆ 12.7 ಮಿ.ಮೀ. ಸರಳು ಮೋರ್ಸಿನ ಮೆಟ್ರಿಕ್ ಪೆಟ್ಟಿಗೆಯಲ್ಲಿ ಯಾವುದಕ್ಕೂ ಹೊಂದುವುದಿಲ್ಲ. ಇಆರ್‌ನ 13ರ ಕಾಲೆಟ್ ಅದನ್ನು ಗೊಣಗದೆ ಹಿಡಿಯುತ್ತದೆ.

ಇನ್ನು ತೂತಿನ ಪ್ರಶ್ನೆ. ಚೀನಾದ ಸೀಗ್ ಕಂಪನಿಯ ಸಿ2, ಸಿ3 ಮಾದರಿಯ ಲೇತುಗಳು ಹತ್ತಾರು ಹೆಸರಿನಲ್ಲಿ, ಹತ್ತಾರು ಬಣ್ಣದಲ್ಲಿ ಜಗತ್ತಿನೆಲ್ಲೆಡೆ ಮಾರಾಟವಾಗುತ್ತವೆ. ಸ್ಪಿಂಡಲಿನ ಬಾಯಲ್ಲಿ ಮೋರ್ಸ್ 3, ಹಿಂದೆ 20 ಮಿ.ಮೀ. ತೂತು, ಮುಂದೆ 80 ಮಿ.ಮೀ. ಚಕ್ ಕೂರುವ ಫ್ಲೇಂಜ್. ಈ ಲೇತಿಗೆ ಮೋರ್ಸ್ ಕಾಲೆಟ್ ಹಾಕಿದರೆ ಸ್ಪಿಂಡಲಿನ ತೂತಿನ ತುಂಬ ಡ್ರಾಬಾರ್ ಕೂರುತ್ತದೆ. ಉದ್ದ ಸರಳನ್ನು ಹಿಂದಿನಿಂದ ತೂರಿಸಿ ಒಂದೊಂದೇ ತುಂಡು ಕೊಯ್ಯುವ ಕೆಲಸ ಅಲ್ಲಿಗೆ ನಿಂತಿತು. ಸರಳನ್ನು ಮೊದಲೇ ಗರಗಸದಿಂದ ಗಿಡ್ಡಕ್ಕೆ ಕತ್ತರಿಸಿಕೊಳ್ಳಬೇಕು. ಪೊಳ್ಳು ಡ್ರಾಬಾರ್ ಮಾಡಿಕೊಂಡರೂ ಅದರೊಳಗೆ ಹಾಯುವುದು ತೆಳು ಸರಳು ಮಾತ್ರ. ಮೋರ್ಸ್ 3 ಹಿಡಿಯ ಇಆರ್32 ಹೋಲ್ಡರಿನದೂ ಇದೇ ಕಥೆ. ಅದರಲ್ಲಿ 20 ಮಿ.ಮೀ. ಕಾಲೆಟ್ ಕೂತರೂ ಹಿಂದೆ ಹಿಡಿಯ ಉಕ್ಕು ಅಡ್ಡ ಇರುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಮೊದಲು ಇದನ್ನೇ ತರುವವರು ಬಹಳ. ತಂದ ಮೇಲೆ ಡ್ರಾಬಾರ್ ಇಲ್ಲದೆ ತಟ್ಟಿ ಕೂರಿಸಿ ಕೆಲಸಕ್ಕೆ ಹಚ್ಚುವವರೂ ಇದ್ದಾರೆ, ಇದು ಅಪಾಯ. ಟೇಲ್‌ಸ್ಟಾಕಿನಲ್ಲಿ ಡ್ರಿಲ್ ಹಿಡಿದಾಗ ಒತ್ತಡ ಟೇಪರಿನ ಒಳಮುಖವಾಗಿಯೇ ಇರುವುದರಿಂದ ಅಲ್ಲಿ ನಡೆಯುತ್ತದೆ. ಹೆಡ್‌ಸ್ಟಾಕಿನಲ್ಲಿ ಬದಿಯಿಂದ ಟೂಲಿನ ಒತ್ತಡ ಬೀಳುತ್ತದೆ, ನಡುಕವೂ ಸೇರುತ್ತದೆ. ಮೋರ್ಸ್ ಟೇಪರ್ ಬಿಟ್ಟುಕೊಟ್ಟರೆ ಹೋಲ್ಡರ್ ತಿರುಗುತ್ತಲೇ ಹೊರಕ್ಕೆ ಬರುತ್ತದೆ.

ಫ್ಲೇಂಜಿನ ಮೇಲೆ ಬೋಲ್ಟ್ ಹಾಕಿ ಕೂರಿಸುವ ಇಆರ್32 ಚಕ್ಕಿಗೆ ಈ ತೊಡಕಿಲ್ಲ. ಸ್ಪಿಂಡಲಿನ ತೂತು 20, ಇಆರ್32ರ ಮೇಲ್ಮಿತಿಯೂ 20. ಈ ವರ್ಗದ ಲೇತಿಗೆ ಇದಕ್ಕಿಂತ ಸರಿಯಾದ ಜೋಡಿ ನನಗೆ ಕಾಣುವುದಿಲ್ಲ. ಇಆರ್40 ತಂದರೆ 26 ಮಿ.ಮೀ. ಹಿಡಿಯಬಹುದೇನೋ ನಿಜ. ಆದರೆ 20ಕ್ಕೆ ಮೇಲಿನದು ಸ್ಪಿಂಡಲಿನೊಳಗೆ ಹೋಗುವುದಿಲ್ಲ. ಆ ಹೆಚ್ಚುವರಿ ಸಾಮರ್ಥ್ಯ ಗಿಡ್ಡ ತುಂಡುಗಳಿಗೆ ಮೀಸಲು, ಗಿಡ್ಡ ತುಂಡನ್ನು ಹಿಡಿಯುವುದರಲ್ಲಿ ಇಆರ್ ದುರ್ಬಲ. ನಟ್ ಕೂಡ 63 ಮಿ.ಮೀ.ಗೆ ಏರಿ ಟೂಲಿಗೆ ಅಡ್ಡ ಬರುತ್ತದೆ. ಇಆರ್32ರ ನಟ್ 50 ಮಿ.ಮೀ. 5ಸಿಗೂ ಇದೇ ತರ್ಕ ಅನ್ವಯಿಸುತ್ತದೆ. ಅದರ ಮೈ 31.75 ಮಿ.ಮೀ. ಆದ್ದರಿಂದ 20ರ ತೂತಿನೊಳಗೆ ಕೂರುವ ಮಾತೇ ಇಲ್ಲ. ಚಕ್ ಕೀ ಹಾಕಿ ತಿರುಗಿಸುವ ಹೊರಗಿನ 5ಸಿ ಚಕ್ ತಂದು ಕೂರಿಸಿದರೆ ಪುಟ್ಟ ಸ್ಪಿಂಡಲಿನ ಮೂಗಿನ ಮೇಲೆ ಅಷ್ಟುದ್ದದ ಭಾರ ನೇತಾಡುತ್ತದೆ. 5ಸಿ ಒಳ್ಳೆಯ ಕಾಲೆಟ್. ಈ ಲೇತಿನದಲ್ಲ, ಅಷ್ಟೇ. ಶೆರ್‌ಲೈನಿನ ಸ್ಪಿಂಡಲಿನಲ್ಲಿ ತೂತು 10 ಮಿ.ಮೀ.ಗಿಂತ ತುಸು ಹೆಚ್ಚು, ಬಾಯಿ ಮೋರ್ಸ್ 1. ಅದರ ಪಕ್ಕಕ್ಕೆ 10 ಮಿ.ಮೀ. ಮಿತಿಯ ಇಆರ್16 ಇಟ್ಟು ನೋಡಿದರೆ ಅಲ್ಲಿಯೂ ಜೋಡಿ ತಾನಾಗಿ ಕೂಡುತ್ತದೆ. ಇಂಗ್ಲೆಂಡಿನ ಬೀಸ್ಟನ್ನಿನಲ್ಲಿ 1946ರಿಂದ ತಯಾರಾದ ಮೈಫೋರ್ಡ್ ಎಂಎಲ್7ರದು ಮೋರ್ಸ್ 2, ತೂತು 15 ಮಿ.ಮೀ. ಆಸುಪಾಸು, ಅದಕ್ಕೆ ಇಆರ್25 ಸಾಕು.

ಗಿಡ್ಡ ತುಂಡಿನ ಮಟ್ಟಿಗೆ ಇಆರ್ ದುರ್ಬಲ ಎಂದೆ. ಅದರ ಎಸಳುಗಳು ಮುಂದಿನಿಂದಲೂ ಹಿಂದಿನಿಂದಲೂ ಸೀಳಿರುವುದೇ ಇದಕ್ಕೆ ಕಾರಣ. ಈ ಎರಡು ಬದಿಯ ಸೀಳಿನಿಂದಲೇ ಕಾಲೆಟ್ ಉದ್ದಕ್ಕೂ ಸಮನಾಗಿ 1 ಮಿ.ಮೀ. ಕುಗ್ಗಬಲ್ಲದು, ಆದರೆ ಹಿಡಿಯಲು ಅದರ ಉದ್ದಕ್ಕೂ ಏನಾದರೂ ಇದ್ದಾಗ ಮಾತ್ರ. ಇಆರ್32 ಕಾಲೆಟ್ಟಿನ ಉದ್ದ 40 ಮಿ.ಮೀ.; ಮೂರರಲ್ಲಿ ಎರಡು ಪಾಲು, ಅಂದರೆ 27 ಮಿ.ಮೀ.ಯಾದರೂ ಸರಳು ಒಳಗಿರಬೇಕು. 8 ಮಿ.ಮೀ. ಉದ್ದದ ಗುಂಡಿಯೊಂದನ್ನು ಬಾಯಲ್ಲಿಟ್ಟು ಬಿಗಿದರೆ ಖಾಲಿಯಿರುವ ಹಿಂಭಾಗ ಹೆಚ್ಚು ಕುಗ್ಗಿ, ಮುಂಭಾಗ ಕಹಳೆಯಂತೆ ಅರಳುತ್ತದೆ. ಹಿಡಿತ ಒಳಗಿನ ಒಂದು ಗೆರೆಗೆ ಇಳಿದು ಟೂಲ್ ತಾಗಿದ ಕ್ಷಣ ಗುಂಡಿ ಹಾರುತ್ತದೆ. ಇದಕ್ಕೆ ಮದ್ದು ಸುಲಭ: ಅದೇ ವ್ಯಾಸದ ತುಂಡೊಂದನ್ನು ಕಾಲೆಟ್ಟಿನ ಹಿಂಬದಿಗೆ ತುರುಕಬೇಕು. ಅದೇ ಸರಳಿನಿಂದ ಕತ್ತರಿಸಿದ್ದಾದರೆ ಒಳ್ಳೆಯದು, ವ್ಯಾಸ ಮೈಕ್ರಾನುಗಳಲ್ಲಿ ಹೊಂದುತ್ತದೆ. ಡಬ್ಲ್ಯುಡಬ್ಲ್ಯು, 5ಸಿಗಳಲ್ಲಿ ಸೀಳು ಮುಂದಿನಿಂದ ಮಾತ್ರ, ಹಿಡಿತವೆಲ್ಲ ಮೂತಿಯಲ್ಲೇ. ಗಿಡ್ಡ ತುಂಡನ್ನು ಅವು ಹೆಚ್ಚು ಗೌರವದಿಂದ ಕಾಣುತ್ತವೆ. ಮೂತಿಯ ಮುಂದೆ ನಟ್ ಇಲ್ಲದ ಕಾರಣ ಟೂಲ್ ಕೂಡ ಕಾಲೆಟ್ಟಿನ ಮುಖದ ತನಕ ಹೋಗಬಹುದು.

ಒಂದು ಮಿಲಿಮೀಟರ್ ಕುಗ್ಗುತ್ತದೆ ಎಂದ ಮಾತ್ರಕ್ಕೆ ಯಾವಾಗಲೂ ಕುಗ್ಗಿಸಿಯೇ ಬಳಸಬೇಕೆಂದಿಲ್ಲ. ಕಾಲೆಟ್ಟಿನ ಒಳಮೈ ಗ್ರೈಂಡ್ ಆಗಿರುವುದು ಅದರ ಹೆಸರಿನ ಅಳತೆಗೆ. 10ರ ಕಾಲೆಟ್ಟಿನಲ್ಲಿ 10ರ ಸರಳು ಪೂರ್ತಿ ಮೈಗೆ ಮೈ ತಾಗಿ ಕೂರುತ್ತದೆ. 9.1ರ ಸರಳು ಹಾಕಿದರೆ ಪ್ರತಿ ಎಸಳೂ ತನ್ನ ನಡುಗೆರೆಯಲ್ಲಿ ಮಾತ್ರ ತಾಗುತ್ತದೆ, ಹೊರಗಡೆ ಟೇಪರಿಗೆ ತನ್ನ ಅಂಚುಗಳಿಂದ ತಾಗುತ್ತದೆ, ನಡುವೆ ಬಿಲ್ಲಿನಂತೆ ಬಾಗುತ್ತದೆ. ಹಿಡಿತವೂ ಕಡಿಮೆ, ನೇರವೂ ಕಡಿಮೆ. ಹೆಸರಿನ ಅಳತೆಗಿಂತ ದಪ್ಪ ಸರಳನ್ನು, ಅದು ಕೂದಲಷ್ಟೇ ದಪ್ಪವಿರಲಿ, ತುರುಕಲೇಬಾರದು.

ಎಷ್ಟು ಬಿಗಿಯಬೇಕು ಎಂಬ ಬಗ್ಗೆ ಗೊಂದಲ ಬಹಳ. ತಯಾರಕರು ಇಆರ್32ರ ನಟ್ಟಿಗೆ ಗರಿಷ್ಠ 136 ನ್ಯೂಟನ್-ಮೀಟರ್ ಎನ್ನುತ್ತಾರೆ. 300 ಮಿ.ಮೀ. ಸ್ಪ್ಯಾನರಿನ ತುದಿಯಲ್ಲಿ 46 ಕಿಲೋ ತೂಗುಹಾಕಿದಷ್ಟು ಬಲ ಇದು. ಪುಟ್ಟ ಲೇತನ್ನು ಮೇಜಿನಿಂದ ಕಿತ್ತೇ ಹಾಕಬಲ್ಲ ಬಲ! ಆ ಅಂಕಿ ಭಾರಿ ಮಿಲ್ಲಿಂಗ್ ಯಂತ್ರದಲ್ಲಿ ಸುರುಳಿ ಕಟ್ಟರ್ ಹೊರಗೆಳೆದುಕೊಂಡು ಬರದಂತೆ ತಡೆಯುವುದಕ್ಕೆ. ನಮ್ಮ ಕೆಲಸಕ್ಕೆ ಕೈಲೆಕ್ಕ ಹಾಕಬಹುದು. 12 ಮಿ.ಮೀ. ಮೈಲ್ಡ್ ಸ್ಟೀಲ್ ಸರಳಿನ ಮೇಲೆ 1 ಮಿ.ಮೀ. ಆಳ, ಪ್ರತಿ ಸುತ್ತಿಗೂ 0.1 ಮಿ.ಮೀ. ಫೀಡ್ ಎಂದರೆ ಟೂಲಿನ ಮೇಲಿನ ಬಲ ಸುಮಾರು 300 ನ್ಯೂಟನ್. 6 ಮಿ.ಮೀ. ತ್ರಿಜ್ಯದಲ್ಲಿ ಅದು ತಿರುಚುವುದು 1.8 ನ್ಯೂಟನ್-ಮೀಟರ್. ಇದನ್ನು ಘರ್ಷಣೆಯಿಂದ ತಡೆಯಲು ಎಸಳುಗಳೆಲ್ಲ ಸೇರಿ 2500 ನ್ಯೂಟನ್ ಅಮುಕಬೇಕು. ಇಆರ್ ಕೋನದಲ್ಲಿ ಅದಕ್ಕೆ ಅಕ್ಷದ ದಿಕ್ಕಿನಲ್ಲಿ ಸುಮಾರು 660 ನ್ಯೂಟನ್ ಬೇಕು. ಎಂ40×1.5 ಥ್ರೆಡ್ಡಿನ ಮತ್ತು ನಟ್ಟಿನ ಮುಖದ ಘರ್ಷಣೆ ಸೇರಿಸಿದರೂ ಇದು 3ರಿಂದ 4 ನ್ಯೂಟನ್-ಮೀಟರಿನ ಕೆಲಸ. ಕಾಲೆಟ್ ತಾನು ಮುಚ್ಚಲು ತಿನ್ನುವ ಬಲ, ಪಾರ್ಟಿಂಗ್ ಟೂಲ್ ಸಿಕ್ಕಿಕೊಳ್ಳುವ ಕ್ಷಣ, ಇವುಗಳಿಗೆಂದು ಹತ್ತು ಪಟ್ಟು ಮಾಡಿದರೂ 40 ದಾಟುವುದಿಲ್ಲ. ಬಿಗಿಯುವಾಗ ಸ್ಪಿಂಡಲನ್ನು ಹಿಡಿದುಕೊಳ್ಳುವುದು ಹೇಗೆ ಎಂಬುದು ಅದಕ್ಕಿಂತ ಮುಖ್ಯ. ಈ ಲೇತುಗಳ ಕೆಲವು ಮಾದರಿಗಳಲ್ಲಿ ಹೆಡ್‌ಸ್ಟಾಕಿನೊಳಗಿನ ಗಿಯರ್ ಪ್ಲಾಸ್ಟಿಕ್ಕಿನದು. ಗಿಯರ್ ತೊಡಗಿಸಿ, ಅದರ ಭರವಸೆಯಲ್ಲಿ ಸ್ಪ್ಯಾನರ್ ಎಳೆದರೆ ಹಲ್ಲು ಹೋಗುತ್ತದೆ. ಚಕ್ಕಿನ ಮೈಯಲ್ಲಿ ಟಾಮಿ ಬಾರಿಗೆ ತೂತೋ ಸ್ಪ್ಯಾನರಿಗೆ ಚಪ್ಪಟೆಯೋ ಇರುವಂಥದ್ದನ್ನೇ ಕೊಳ್ಳಬೇಕು.

ಫ್ಲೇಂಜ್ ಚಕ್ಕನ್ನು ತಾವೇ ಮಾಡಿಕೊಳ್ಳುವವರಿಗೆ ಒಂದು ಲಾಭವಿದೆ. ದಿಮ್ಮಿಯನ್ನು ತಮ್ಮ ಸ್ಪಿಂಡಲಿಗೇ ಬೋಲ್ಟ್ ಹಾಕಿ, ಅಲ್ಲಿಯೇ ಟೇಪರ್ ಕೊರೆದರೆ ಫ್ಲೇಂಜಿನ ತಪ್ಪು, ಬೋಲ್ಟಿನ ಸಡಿಲ ಎರಡೂ ಅಳಿಸಿಹೋಗುತ್ತವೆ. ಮತ್ತೆ ಅದೇ ಜಾಗಕ್ಕೆ ಕೂರಿಸಲು ಫ್ಲೇಂಜಿನ ಮೇಲೂ ಚಕ್ಕಿನ ಮೇಲೂ ಗುರುತು ಹೊಡೆದಿಟ್ಟರೆ ಸಾಕು. ಸಿ3 ಫ್ಲೇಂಜಿನ ರಿಜಿಸ್ಟರ್ ವ್ಯಾಸ 55 ಮಿ.ಮೀ., ಮೂರು ಬೋಲ್ಟುಗಳು 66 ಮಿ.ಮೀ. ವೃತ್ತದ ಮೇಲೆ. ಕಾಂಪೌಂಡ್ ಸ್ಲೈಡಿನ ಡಿಗ್ರಿ ಗೆರೆಗಳನ್ನು ನಂಬಿ 8 ಡಿಗ್ರಿ ಇಡಬಾರದು. ಸ್ಥಳದಲ್ಲೇ ನೇರವಾಗಿ ತಿರುವಿದ ಸರಳಿನ ಬದಿಗೆ, ಕೇಂದ್ರದ ಎತ್ತರದಲ್ಲಿ, ಡಯಲ್ ಗೇಜ್ ತಾಗಿಸಿ ಸ್ಲೈಡನ್ನು 20 ಮಿ.ಮೀ. ಓಡಿಸಿದರೆ ಮುಳ್ಳು 2.783 ಮಿ.ಮೀ. ತೋರಬೇಕು. 0.01 ಮಿ.ಮೀ. ತಪ್ಪಿದರೆ 30 ಮಿ.ಮೀ. ಉದ್ದದ ಟೇಪರಿನಲ್ಲಿ ತ್ರಿಜ್ಯ 15 ಮೈಕ್ರಾನ್ ಹೆಚ್ಚುಕಡಿಮೆಯಾಗುತ್ತದೆ. ಅದು ಕಡಿಮೆಯೇನಲ್ಲ. ಬೋರಿಂಗ್ ಟೂಲಿನ ಮೊನೆ ಸರಿಯಾಗಿ ಕೇಂದ್ರದ ಎತ್ತರದಲ್ಲಿರಬೇಕು, ಇಲ್ಲವಾದರೆ ಟೇಪರ್ ನೇರವಾಗಿ ಬರದೆ ಕೊಂಚ ಬಳುಕುತ್ತದೆ. ಕೊನೆಗೆ ಕಾಲೆಟ್ಟಿಗೆ ಪ್ರಶ್ಯನ್ ಬ್ಲೂ ತೆಳುವಾಗಿ ಸವರಿ ಕೂರಿಸಿ, ನೀಲಿ ಹತ್ತಿದ್ದು ಮುಂದೋ ಹಿಂದೋ ನೋಡಬೇಕು. ಎರಡರಲ್ಲಿ ಒಂದು ತಪ್ಪು ಬರುವುದೇ ಇದ್ದರೆ ಬಾಯ ಕಡೆ ತಾಗುವುದು ಲೇಸು. ಹಿಂದೆ ಮಾತ್ರ ತಾಗಿದರೆ ಮೂತಿ ಅಲ್ಲಾಡುತ್ತದೆ.

ರನ್‌ಔಟ್ ಅಳೆಯುವುದಿದ್ದರೆ ಒಳಗಿನಿಂದ ಹೊರಕ್ಕೆ ಅಳೆಯಬೇಕು. ಮೊದಲು ಸ್ಪಿಂಡಲಿನ ಮೋರ್ಸ್ ಟೇಪರಿನ ಒಳಮೈ, ಆಮೇಲೆ ಚಕ್ಕಿನ 8 ಡಿಗ್ರಿ ಟೇಪರ್, ಕೊನೆಗೆ ಕಾಲೆಟ್ಟಿನಲ್ಲಿ ಹಿಡಿದ ಗ್ರೈಂಡ್ ಮಾಡಿದ ಸರಳು. ಅದನ್ನು ಬಾಯ ಹತ್ತಿರವೂ ದೂರದಲ್ಲೂ ಅಳೆಯಬೇಕು. ಚಕ್ಕಿನ ಟೇಪರೇ 20 ಮೈಕ್ರಾನ್ ಓಲಾಡುತ್ತಿದ್ದರೆ 5 ಮೈಕ್ರಾನಿನ ಕಾಲೆಟ್ ಕೊಂಡ ಹಣ ನೀರುಪಾಲು. ಸ್ಪಿಂಡಲ್ ಸರಿಯಿದ್ದು ಚಕ್ ಮಾತ್ರ ಓಲಾಡಿದರೆ ಬೋಲ್ಟ್ ಸಡಿಲಿಸಿ ಮೃದು ಸುತ್ತಿಗೆಯಿಂದ ತಟ್ಟಿ ಸರಿಪಡಿಸಬಹುದು. ಅಳತೆ ದಿನಕ್ಕೊಂದು ಬಂದರೆ ದೋಷ ಕಾಲೆಟ್ಟಿನದಲ್ಲ, ಕೊಳೆಯದು. ಟೇಪರಿಗೂ ಕಾಲೆಟ್ಟಿಗೂ ನಡುವೆ ಸಿಕ್ಕ 0.05 ಮಿ.ಮೀ. ದಪ್ಪದ ಲೋಹದ ಚೂರು ಡಯಲಿನ ಮೇಲೆ ಅದರ ಎರಡು ಪಟ್ಟಿನ ತನಕ ತೋರಬಲ್ಲದು. ಇಆರ್‌ನ ಸೀಳುಗಳಲ್ಲಿ ಇಂಥ ಚೂರು ಅಡಗುವ ಜಾಗ ಬೇಕಾದಷ್ಟಿದೆ. ಹಳೆಯ ಹಲ್ಲುಜ್ಜುವ ಬ್ರಷ್ಷು, ಸ್ವಲ್ಪ ಸೀಮೆಎಣ್ಣೆ ಸಾಕು.

ಕೊಳ್ಳುವಾಗ 18ರ ಪೆಟ್ಟಿಗೆಯನ್ನೇ ತರಬೇಕೆಂದಿಲ್ಲ. ಕೈಯಲ್ಲಿರುವ ಸರಳುಗಳನ್ನು ಮೈಕ್ರೋಮೀಟರಿನಲ್ಲಿ ಅಳೆದು 6, 8, 10, 12, 13, 16, 20 ಎಂದು ಬೇಕಾದ್ದನ್ನಷ್ಟೇ ನಂಬುಗೆಯ ಕಡೆಯಿಂದ ತಂದರೆ ಅದೇ ಹಣಕ್ಕೆ ಮೇಲಿನ ದರ್ಜೆಯವು ಸಿಗುತ್ತವೆ. ಷಟ್ಕೋನದ ಹಿತ್ತಾಳೆ ಸರಳಿಗೆ ಮಾತ್ರ ಇವುಗಳಲ್ಲಿ ಯಾವುದೂ ನಡೆಯದು. ಮುಖದಿಂದ ಮುಖಕ್ಕೆ 10 ಮಿ.ಮೀ. ಇರುವ ಷಟ್ಕೋನದ ಮೂಲೆಗಳು 11.55 ಮಿ.ಮೀ. ಅಂತರದಲ್ಲಿರುತ್ತವೆ. 12ರ ಕಾಲೆಟ್ ಅದನ್ನು ಮುಟ್ಟುತ್ತದೆ ನಿಜ. ಆದರೆ ಮೂಲೆಗಳು ಆರು, ಕಾಲೆಟ್ಟಿನ ಬಾಯಲ್ಲಿ ಎಸಳುಗಳು ಸಾಮಾನ್ಯವಾಗಿ ಎಂಟು. ಕೆಲವು ಮೂಲೆ ಎಸಳಿನ ನಡುವಿಗೆ, ಕೆಲವು ಸೀಳಿನ ಅಂಚಿಗೆ ಬಿದ್ದು ಸರಳು ಓರೆಯಾಗಿ ನಿಲ್ಲುತ್ತದೆ, ಗಟ್ಟಿ ಮಾಡಿದ ಎಸಳಿನ ಅಂಚು ಚಕ್ಕೆಯೇಳುವ ಸಂಭವವೂ ಉಂಟು. ಅದಕ್ಕೆ ಮೂರು ದವಡೆಯ ಚಕ್ಕನ್ನೇ ಮರಳಿ ಹಾಕಬೇಕು.